ಕೇಳದೆ ಕೊಂಡದ್ದು

ಮೇಣದ ವಸಡಿಗೆ ಮುಂದಿನ ಎರಡು ಹಲ್ಲು ಕೂರಿಸಿ, ಅಚ್ಚನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದಾಗ, ಎಡಗಡೆಯದು ಕೂದಲೆಳೆಯಷ್ಟು ಹೊರಗೆ ಬಂದಿರುವುದು ಕಂಡಿತು. ಬೆಳಗಿನಿಂದ ಹೀಗೆಯೇ ಆಗುತ್ತಿತ್ತು. ಕೈ ನೆಟ್ಟಗಿತ್ತು, ತಲೆ ಮಾತ್ರ ಆಗಲೇ ಮಧ್ಯಾಹ್ನದ ಹತ್ತಿರ ಹೋಗಿ ಕೂತಿತ್ತು. ಹಲ್ಲಿನ ಡಾಕ್ಟರುಗಳೆಲ್ಲ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ತಮಾಷೆಗೆ ಹುಟ್ಟಿದ ಹೆಸರು, ನಿಂತುಬಿಟ್ಟಿತ್ತು. ಅವರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು, ಮೇಸ್ತ್ರಿ ಲ್ಯಾಬಿನ ಕಿಟಕಿಯ ಪಕ್ಕ ಕೂತು ಆ ಬಾಯಿಗೆ ಹಲ್ಲು ಕಟ್ಟುತ್ತಿದ್ದ. ಯಾರ ಬಾಯಿ ಎಂದು ಅವನಿಗೆ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ವಾಸಿ ಎನಿಸುತ್ತಿತ್ತು; ಅಚ್ಚು ಯಾವತ್ತೂ ಎದುರು ಮಾತಾಡುತ್ತಿರಲಿಲ್ಲ. ಚಾಕುವನ್ನು ದೀಪದಲ್ಲಿ ಕಾಯಿಸಿ ಹಲ್ಲನ್ನು ಮತ್ತೆ ಬಿಡಿಸುವಾಗ, ಬೆಳಿಗ್ಗೆ ಹೆಂಡತಿ ಊಟದ ಡಬ್ಬಿಯ ಮುಚ್ಚಳ ಒತ್ತುತ್ತ, ಅವನ ಮುಖ ನೋಡದೆ ಆಡಿದ ಮಾತು ಇನ್ನೊಮ್ಮೆ ಕೇಳಿಸಿತು. ಭಾವ ಇವತ್ತು ಬರ್ತಾರೆ ಅಂತ ನನ್ನ ತಮ್ಮನಿಗೆ ಹೇಳಿಬಿಟ್ಟಿದ್ದೀನಿ, ಈ ತಿಂಗಳಿಗೆ ಒಂದೇ ಒಂದು ಷೇರಿನ ಖಾತೆ ಕಡಿಮೆ ಬಿದ್ದಿದೆಯಂತೆ, ನಿಮ್ಮದಾದರೆ ಅವನ ಕೆಲಸ ಗಟ್ಟಿಯಾಗುತ್ತದಂತೆ. ಅವನು ಹೂಂ ಎಂದಿದ್ದ. ಕೇಳಿಸಿತು ಎನ್ನುವುದಕ್ಕೆ ಹೇಳಿದ ಹೂಂ ಅದು. ಅವಳು ಒಪ್ಪಿಗೆಯೆಂದು ತೆಗೆದುಕೊಂಡಳು. ಮದುವೆಯಾದಂದಿನಿಂದ ಅವನ ಹೂಂಗಳೆಲ್ಲ ಹೀಗೆಯೇ ಖರ್ಚಾಗಿದ್ದವು.

ಆ ಖಾತೆಗೆ ಹಾಕಬೇಕಾದ ಹಣ ಬಂದದ್ದು ಲ್ಯಾಬಿನ ಹಳೆಯ ಮಾಲೀಕರಿಂದ. ಲ್ಯಾಬನ್ನು ಮಗನಿಗೆ ಒಪ್ಪಿಸಿ ಹೊರಡುವ ದಿನ ಅವರು ಮೇಸ್ತ್ರಿಯನ್ನು ಒಳಗೆ ಕರೆದು, ಕೈ ಹಿಡಿದುಕೊಂಡು, ನೀನಿಲ್ಲದಿದ್ದರೆ ಇದು ಇರುತ್ತಿರಲಿಲ್ಲ ಎಂದು ಚೆಕ್ಕು ಕೊಟ್ಟಿದ್ದರು. ಆಗ ಅವನ ಕಣ್ಣು ತುಂಬಿ ಬಂದಿತ್ತು. ಕೆಲವೇ ವಾರಗಳಲ್ಲಿ ಮಗ ಯಂತ್ರ ತರಿಸಿದಾಗ, ಆ ಕೈ ಹಿಡಿದ ಬಿಸಿಯ ಅರ್ಥವೇ ಬೇರೆಯಾಯಿತು. ಹಾಗಾದರೆ ಯಂತ್ರ ಬರುವುದು ಅವರಿಗೆ ಮೊದಲೇ ಗೊತ್ತಿತ್ತು. ಬಿಳಿಯ ಪೆಟ್ಟಿಗೆ ಅದು. ಗಾಜಿನ ಹಿಂದೆ ಸಣ್ಣದೊಂದು ಮೊನೆ ಗಿರಗಿರ ತಿರುಗುತ್ತ ಬಿಳಿ ತುಂಡನ್ನು ಕೆತ್ತಿ ಹಲ್ಲು ಮಾಡುತ್ತಿತ್ತು. ಅದಕ್ಕೆ ಕಾಫಿ ಬೇಕಾಗಿರಲಿಲ್ಲ. ನಿಮ್ಮ ಕೆಲಸ ಹಗುರ ಮಾಡೋಕೆ ತರಿಸಿದ್ದು ಎಂದು ಮಾಲೀಕರ ಮಗ ಬೆನ್ನು ತಟ್ಟಿದ್ದ. ಕೆಲಸ ನಿಜವಾಗಿಯೂ ಹಗುರವಾಗುತ್ತ ಬಂತು. ಮೊದಲು ಒಂಟಿ ಹಲ್ಲುಗಳು ಹೋದವು, ಆಮೇಲೆ ಅಕ್ಕಪಕ್ಕದ ಹಲ್ಲಿಗೆ ಆನಿಸಿ ಕಟ್ಟುವ ಸೇತುವೆಗಳು. ಈಗ ಪೂರ್ತಿ ಬೋಳು ಬಾಯಿಗಳಷ್ಟೇ ಅವನ ಪಾಲಿಗೆ ಉಳಿದಿದ್ದವು. ಅವೂ ಎಷ್ಟು ದಿನವೋ. ಒಬ್ಬ ಡಾಕ್ಟರು, ಅಚ್ಚು ಕೊಡಲು ಹೋದಾಗ, ಬ್ಯಾಂಕಿನಲ್ಲಿ ಮಲಗಿಸಿದ ಹಣ ಕರಗುತ್ತದೆ ಮೇಸ್ತ್ರಿ, ಷೇರಿಗೆ ಹಾಕಿ, ಒಳ್ಳೆಯ ಬ್ರೋಕರ್ ಒಬ್ಬನನ್ನು ಹಿಡಿಯಿರಿ ಎಂದು ಕೈ ತೊಳೆಯುತ್ತ ಹೇಳಿದ್ದರು. ಒಳ್ಳೆಯವನು ಎಂದು ಹೇಗೆ ತಿಳಿಯುವುದು ಎಂದು ಕೇಳಬೇಕೆನಿಸಿತ್ತು. ಅಷ್ಟರಲ್ಲಿ ಅವರು ಮುಂದಿನ ರೋಗಿಯನ್ನು ಕರೆದುಬಿಟ್ಟಿದ್ದರು.

ಹೆಂಡತಿಗೆ ಮಾತ್ರ ಈ ಪ್ರಶ್ನೆಯೇ ಇರಲಿಲ್ಲ. ಮನೆಯಲ್ಲೇ ಬ್ರೋಕರ್ ಇರುವಾಗ ಬೀದಿಯಲ್ಲಿ ಯಾಕೆ ಹುಡುಕಬೇಕು? ಅವಳ ತಮ್ಮ ಷೇರು ಕಂಪನಿಯೊಂದಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಚಿಕ್ಕಂದಿನಲ್ಲಿ ನೆಂಟರು ಬಂದಾಗಲೆಲ್ಲ ಅವನನ್ನು ನಡುಮನೆಯಲ್ಲಿ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದರಂತೆ. ಅಂದಿನಿಂದ ಅವನ ಹೆಸರೇ ಮಗ್ಗಿ. ಹದಿಮೂರರ ಮಗ್ಗಿಯಲ್ಲಿ ಯಾವಾಗಲೂ ತಪ್ಪುತ್ತಿದ್ದ, ಆದರೆ ಎಷ್ಟು ಜೋರಾಗಿ ಹೇಳುತ್ತಿದ್ದನೆಂದರೆ ಕೇಳುವವರಿಗೆ ತಮ್ಮ ಲೆಕ್ಕವೇ ತಪ್ಪೇನೋ ಅನಿಸುತ್ತಿತ್ತು ಎಂದು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು. ಆ ಜೋರೇ ಮೇಸ್ತ್ರಿಗೆ ಭಯ. ಮಗ್ಗಿ ಹಿಡಿದು ಬಿಟ್ಟ ಮಾರಾಟದ ಕೆಲಸಗಳೆಲ್ಲ ಮೇಸ್ತ್ರಿಯ ಮನೆಯಲ್ಲಿ ಸಾಲಾಗಿ ಕೂತಿದ್ದವು. ಅಡುಗೆಮನೆಯ ಗೋಡೆಯಲ್ಲಿ ನೀರು ಶುದ್ಧ ಮಾಡುವ ಫಿಲ್ಟರು; ತೊಟ್ಟಿಕ್ಕುವುದನ್ನು ನಿಲ್ಲಿಸಲಾಗದೆ ಕೆಳಗೆ ಪಾತ್ರೆ ಇಟ್ಟಿದ್ದರು. ಅಟ್ಟದ ಮೇಲೆ ಧೂಳು ಹೀರುವ ಯಂತ್ರ. ಅದರ ಮೇಲೆಯೇ ಧೂಳು. ಬೀರುವಿನಲ್ಲಿ ಒಂದು ವಿಮೆ, ಅದು ಯಾವ ಅಪಾಯಕ್ಕೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಾಲು ಒತ್ತುವ ಪೆಟ್ಟಿಗೆಯೊಂದು ಸೋಫಾದ ಕೆಳಗಿತ್ತು. ಒಮ್ಮೆ ಹಾಕಿಕೊಂಡಾಗ ಕಾಲು ಬಿಡದೆ ಹಿಡಿದುಕೊಂಡು, ಕರೆಂಟು ತೆಗೆದ ಮೇಲೆಯೇ ಬಿಟ್ಟಿತ್ತು. ಪ್ರತಿ ಸಲವೂ ಮೊದಲ ಗಿರಾಕಿ ಭಾವನೇ. ಪ್ರತಿ ಸಲವೂ ಮಗ್ಗಿ ಬಾಗಿಲಲ್ಲಿ ಹೊಸ ಅಂಗಿ ತೊಟ್ಟು ನಿಲ್ಲುತ್ತಿದ್ದ, ಮೇಸ್ತ್ರಿ ಅವನು ಬಾಯಿ ತೆರೆಯುವ ಮೊದಲೇ ಆಯ್ತು ಕೊಡು ಎನ್ನುತ್ತಿದ್ದ, ಹೆಂಡತಿ ಅವತ್ತಿಡೀ ನಗುನಗುತ್ತ ಓಡಾಡುತ್ತಿದ್ದಳು. ತಾನು ಒಳ್ಳೆಯ ಭಾವ ಎಂದು ಅವನಿಗೂ ಅನಿಸುತ್ತಿತ್ತು. ಆದರೆ ಫಿಲ್ಟರು ತೊಟ್ಟಿಕ್ಕಿದರೆ ಪಾತ್ರೆ ಇಡಬಹುದು. ಇದು ತೊಟ್ಟಿಕ್ಕಿದರೆ?

ಅರ್ಧ ದಿನ ರಜೆ ಕೇಳಿದಾಗ ಮಾಲೀಕರ ಮಗ ಎಷ್ಟು ಸಲೀಸಾಗಿ ಕೊಟ್ಟನೆಂದರೆ ಮೇಸ್ತ್ರಿಗೆ ಬೇಜಾರಾಯಿತು. ಬಸ್ಸಿಳಿದವನು ಮಗ್ಗಿಯ ಆಫೀಸಿನ ಕಡೆ ತಿರುಗಲಿಲ್ಲ. ದೊಡ್ಡ ರಸ್ತೆಯ ಕಡೆಗೆ, ಪತ್ರಿಕೆಯಲ್ಲಿ ಜಾಹೀರಾತು ಬರುವ ಕಂಪನಿಯ ಎತ್ತರದ ಕಟ್ಟಡದ ಕಡೆಗೆ ಹೊರಟ. ಸುಮ್ಮನೆ ವಿಚಾರಿಸಿ ಬರುವುದು, ವಿಚಾರಿಸಿದರೆ ತಪ್ಪೇನು, ಎಂದು ಯಾರೋ ತಡೆದು ನಿಲ್ಲಿಸಿದವರಿಗೆ ಹೇಳುವಂತೆ ಒಳಗೊಳಗೇ ಹೇಳಿಕೊಳ್ಳುತ್ತಿದ್ದ. ಕಟ್ಟಡದ ಬಾಗಿಲಲ್ಲಿ ಕಾವಲಿನವನು ಅವನ ಕಾಲನ್ನೇ ನೋಡಿದ. ಚಪ್ಪಲಿಯ ಅಂಚಿಗೆ, ಪ್ಯಾಂಟಿನ ತುದಿಗೆ ಬಿಳಿ ಪ್ಲಾಸ್ಟರು ಒಣಗಿ ಕೂತಿತ್ತು. ಪೇಂಟಿನ ಕೆಲಸದವರು ಹಿಂದಿನ ಲಿಫ್ಟಲ್ಲಿ ಹೋಗಬೇಕು ಎಂದು ಕಾವಲಿನವನು ಮರ್ಯಾದೆಯಿಂದಲೇ ಹೇಳಿದ. ಅಲ್ಲ, ನಾನು ಷೇರಿನ ವಿಚಾರಕ್ಕೆ ಬಂದವನು ಎನ್ನಬೇಕಿತ್ತು. ವಾಕ್ಯ ಸಿದ್ಧವಾಗಿಯೂ ಇತ್ತು. ಆದರೆ ಹಿಂದೆ ಇನ್ನಿಬ್ಬರು ಬಂದು ನಿಂತಿದ್ದರು, ಅವರ ಬೂಟುಗಳು ಹೊಳೆಯುತ್ತಿದ್ದವು. ಮೇಸ್ತ್ರಿ ತಲೆಯಾಡಿಸಿ ಹಿಂದಿನ ಲಿಫ್ಟಿಗೆ ಹೋದ. ಅದರೊಳಗೆ ಬಕೆಟ್ಟು, ಏಣಿ, ಸುತ್ತಿಟ್ಟ ಕಾರ್ಪೆಟ್ಟು. ಏಣಿ ಹಿಡಿದವನು ಯಾವ ಮಹಡಿ ಎಂದು ಕೇಳಿ ತಾನೇ ಗುಂಡಿ ಒತ್ತಿದ. ಇಲ್ಲಿ ಆರಾಮ ಅನಿಸಿತು, ಆರಾಮ ಅನಿಸಿದ್ದಕ್ಕೆ ನಾಚಿಕೆಯಾಯಿತು. ಹುಡುಗನಾಗಿದ್ದಾಗ ಹೀಗೆಯೇ, ತರಗತಿಯಲ್ಲಿ ಯಾರದೋ ಹೆಸರು ಕರೆದಾಗ ತನ್ನದೆಂದು ಎದ್ದು ನಿಂತು, ತಪ್ಪೆಂದು ಗೊತ್ತಾದ ಮೇಲೂ ಕೂರಲು ಧೈರ್ಯವಾಗದೆ ಯಾರೋ ಮಾಡಿದ ಗಲಾಟೆಗೆ ಏಟು ತಿಂದಿದ್ದ. ಮೇಷ್ಟರು ಹೊಡೆದ ನೋವು ಮರೆತುಹೋಗಿತ್ತು. ಪಕ್ಕದವರು ಕಿಸಕ್ಕೆಂದದ್ದು ಲಿಫ್ಟಿನ ಸದ್ದಿನಲ್ಲಿ ಈಗಲೂ ಇತ್ತು.

ಮೇಲಿನ ಮಹಡಿಯಲ್ಲಿ ಅವನ ಎದುರು ಕೂತವಳು ಚಿಕ್ಕ ವಯಸ್ಸಿನ ಸಲಹೆಗಾರ್ತಿ. ಅವಳು ಪ್ಲಾಸ್ಟರನ್ನು ನೋಡಿಯೂ ನೋಡದಂತಿದ್ದಳು. ಮೇಸ್ತ್ರಿ ಅಭ್ಯಾಸಬಲದಿಂದ ಅವಳ ಬಾಯಿ ನೋಡಿದ. ಮೇಲಿನ ಸಾಲಿನ ಒಂದು ಹಲ್ಲು ಕಟ್ಟಿದ್ದು; ಬಣ್ಣ ಚೆನ್ನಾಗಿ ಹೊಂದಿಸಿದ್ದರು, ಅಂಚು ಮಾತ್ರ ತುಸು ದಪ್ಪ. ಅದನ್ನು ಮರೆಸಲು ಅವಳು ನಗುವಾಗ ತುಟಿಯನ್ನು ಎಳೆದುಕೊಳ್ಳುತ್ತಿದ್ದಳು. ಇಷ್ಟು ಕಂಡಿದ್ದರಿಂದ ಅವಳನ್ನು ನಂಬಬಹುದೋ ಬಾರದೋ ಎಂದು ತಿಳಿಯಲಿಲ್ಲ. ಜನರ ಹಲ್ಲು ಓದಲು ಬರುತ್ತಿತ್ತು ಅವನಿಗೆ, ಹಲ್ಲಿನ ಹಿಂದಿನದು ಬರುತ್ತಿರಲಿಲ್ಲ. ಅವಳು ಕೇಳುತ್ತಾ ಹೋದಳು: ಈ ಹಣ ಎಷ್ಟು ವರ್ಷ ಬೇಕಾಗುವುದಿಲ್ಲ, ಮನೆಯಲ್ಲಿ ದುಡಿಯುವವರು ಇನ್ಯಾರು, ಹಾಕಿದ್ದು ಅರ್ಧಕ್ಕೆ ಇಳಿದರೆ ಏನು ಮಾಡುತ್ತೀರಿ. ಕೊನೆಯದಕ್ಕೆ ಏನೂ ಮಾಡುವುದಿಲ್ಲ ಎನ್ನುವುದು ಸರಿಯಾದ ಉತ್ತರವೆಂದು ಅವಳ ಮುಖ ಹೇಳುತ್ತಿತ್ತು. ಆದರೆ ಅವನಿಗೆ ಕಂಡದ್ದು ಹೆಂಡತಿ ತೊಟ್ಟಿಕ್ಕುವ ಫಿಲ್ಟರಿನ ಕೆಳಗಿನ ಪಾತ್ರೆ ಬದಲಾಯಿಸುತ್ತಿರುವುದು. ಆಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ. ಎಲ್ಲಿದ್ದೀರಿ, ಅವನು ಆಗಲಿಂದ ಕಾಯುತ್ತಿದ್ದಾನಂತೆ ಎಂದಳು. ದಾರಿಯಲ್ಲಿದ್ದೀನಿ ಎಂದ. ಗಾಜಿನಾಚೆ ಕೆಳಗೆ ರಸ್ತೆ ಇರುವೆಗಳ ಸಾಲಿನಂತೆ ಹರಿಯುತ್ತಿತ್ತು. ದಾರಿ ಅಲ್ಲಿತ್ತು, ಅವನು ಇಲ್ಲಿ. ಫೋನಿಟ್ಟಾಗ ಸಲಹೆಗಾರ್ತಿ ತನ್ನ ಕಡತ ಮುಚ್ಚಿದ್ದಳು. ಬೇರೆಯವರ ಹತ್ತಿರವೂ ಹೋಗುವವರಿದ್ದೀರಿ, ಅಲ್ಲವೇ ಎಂದಳು. ಮೇಸ್ತ್ರಿಯ ಕಿವಿ ಬಿಸಿಯಾಯಿತು. ಮನೆಯವರೇ, ಹೆಂಡತಿಯ ತಮ್ಮ ಎಂದು ತೊದಲಿದ.

ಅವಳು ಬೇಸರಿಸಲಿಲ್ಲ. ಹೋಗಿ, ನೋಡಿ ಎಂದಳು. ಆಮೇಲೆ ಧ್ವನಿ ತಗ್ಗಿಸಿ, ಕಂಪನಿಯ ಮಾತು ಬಿಟ್ಟು ತನ್ನದೇ ಮಾತಿನಲ್ಲಿ ಹೇಳಿದಳು. ಯಾರೇ ಆಗಲಿ, ಮೊದಲು ಅವರ ನೋಂದಣಿ ಇದೆಯೇ ಎಂದು ನೀವೇ ಹುಡುಕಿ ನೋಡಬೇಕು. ಪ್ರತಿ ವ್ಯವಹಾರಕ್ಕೆ ಅವರು ಎಷ್ಟು ಹಿಡಿದುಕೊಳ್ಳುತ್ತಾರೆ ಎಂದು ಬಾಯಿಬಿಟ್ಟು ಕೇಳಬೇಕು. ಆಗಾಗ ಕೊಂಡು ಆಗಾಗ ಮಾರಿದಷ್ಟೂ ಬ್ರೋಕರಿಗೆ ಲಾಭ, ನಿಮಗಲ್ಲ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಹೆಸರಿನಲ್ಲಿ ಕೊಳ್ಳುವವರು ಮಾರುವವರು ನೀವೇ ಇರಬೇಕು. ಫೋನಿಗೆ ಬರುವ ಗುಟ್ಟಿನ ನಂಬರು, ಪಾಸ್‌ವರ್ಡು, ಇವನ್ನು ಕೇಳುವವರು ಯಾರೇ ಇರಲಿ, ಎದ್ದು ಬರಬೇಕು. "ಮನೆಯವರಾದ್ರೂ ಕೇಳಿ ಸಾರ್," ಎಂದಳು. "ಮನೆಯವರಾದ್ರೆ ಇನ್ನೂ ಕೇಳಿ."

ಇಳಿಯುವಾಗಲೂ ಹಿಂದಿನ ಲಿಫ್ಟಿನಲ್ಲೇ ಇಳಿದ. ಮುಂದಿನದು ಎಲ್ಲಿದೆಯೆಂದು ಕೇಳಲಿಲ್ಲ. ರಸ್ತೆಯಲ್ಲಿ ನಡೆಯುತ್ತ ಪ್ರಶ್ನೆಗಳನ್ನು ಬಾಯಿಪಾಠ ಮಾಡತೊಡಗಿದ. ಬಾಯಲ್ಲಿ ಬಂದಾಗ ಅವು ಪೊಲೀಸರ ಪ್ರಶ್ನೆಗಳಂತೆ ಕೇಳಿಸುತ್ತಿದ್ದವು. ನಿನಗೆ ಎಷ್ಟು ಸಿಗುತ್ತೆ ಮಗ್ಗಿ. ಬೇಡ, ಅದು ಒರಟು. ಒಂದು ವ್ಯವಹಾರಕ್ಕೆ ಎಷ್ಟು ಅಂತ ಇರುತ್ತಲ್ಲ, ಅದು ಎಷ್ಟಿರಬಹುದು. ಇದು ಹೆದರುಪುಕ್ಕಲನ ಮಾತು. ಎದುರಿನಿಂದ ಬಂದ ಹೆಂಗಸೊಬ್ಬಳು ಅವನ ತುಟಿ ಅಲ್ಲಾಡುವುದನ್ನು ಕಂಡು ಮಗುವನ್ನು ಆಚೆ ಬದಿಗೆ ಎಳೆದುಕೊಂಡಳು. ಮೇಸ್ತ್ರಿಯ ಮದುವೆಯಾದ ಹೊಸತರಲ್ಲಿ ಮಗ್ಗಿ ಮನೆಗೆ ಬರುತ್ತಿದ್ದಾಗ ಅವನಿಗಿನ್ನೂ ಮೀಸೆ ಬಂದಿರಲಿಲ್ಲ. ಮೇಸ್ತ್ರಿ ತಂದಿಟ್ಟ ಒಡೆದ ಅಚ್ಚುಗಳನ್ನು ಕೈಯಲ್ಲಿ ತಿರುಗಿಸುತ್ತ, ಭಾವ ಇದು ಯಾರ ಬಾಯಿ, ಅವರು ಏನು ತಿಂತಾರೆ, ಇದನ್ನ ಹಾಕ್ಕೊಂಡು ಸುಳ್ಳು ಹೇಳಿದ್ರೆ ಸದ್ದು ಬರುತ್ತಾ ಎಂದು ಕೇಳುತ್ತಿದ್ದ. ಆ ಹುಡುಗನಿಗೆ ಈಗ, ನೀನೂ ಪಾಸ್‌ವರ್ಡ್ ಕೇಳುತ್ತೀಯಾ ಎಂದು ಹೇಗೆ ಹೇಳುವುದು? ಹೇಳಿದರೆ ಅವತ್ತೇ ಅವನ ಅಕ್ಕನಿಗೆ ಗೊತ್ತಾಗುತ್ತದೆ. ಅವಳು ಜಗಳವಾಡುವವಳಲ್ಲ. ಸುಮ್ಮನಾಗುತ್ತಾಳೆ. ಅವಳು ಸುಮ್ಮನಿದ್ದ ದಿನಗಳಲ್ಲಿ ಮನೆಯ ಕುರ್ಚಿಗಳೂ ಅವನ ಕಡೆ ಬೆನ್ನು ಹಾಕಿ ಕೂತಂತಿರುತ್ತಿದ್ದವು. ಹಣ ಹೋದರೆ ಹೋಗಲಿ, ಈ ತಳಮಳ ಸಾಕು, ಎಂದಿನಂತೆ ಆಯ್ತು ಕೊಡು ಎಂದುಬಿಡೋಣ ಎಂದುಕೊಂಡಾಗ ಎದೆ ಹಗುರವಾಯಿತು. ಮರುಕ್ಷಣವೇ ಗಾಜಿನ ಹಿಂದೆ ಗಿರಗಿರ ತಿರುಗುವ ಮೊನೆ ನೆನಪಾಗಿ ಮತ್ತೆ ಭಾರವಾಯಿತು.

ಮಗ್ಗಿಯ ಆಫೀಸು ಹಾಸಿಗೆ ಅಂಗಡಿಯ ಮೇಲಿತ್ತು. ಮೆಟ್ಟಿಲ ತುದಿಗೇ ಕಾದು ನಿಂತಿದ್ದ ಅವನು ಭಾವ ಎಂದು ಎರಡೂ ಕೈಯಿಂದ ಕೈ ಹಿಡಿದುಕೊಂಡ. ಹೊಸ ಅಂಗಿ. ಅಂಗೈ ಒದ್ದೆಯಾಗಿತ್ತು, ಅದು ತನ್ನದೋ ಅವನದೋ ಮೇಸ್ತ್ರಿಗೆ ಗೊತ್ತಾಗಲಿಲ್ಲ. ಒಳಗೆ ಗೋಡೆಯ ಪರದೆಯಲ್ಲಿ ಹಸಿರು ಕೆಂಪು ಅಂಕಿಗಳು ಓಡುತ್ತಿದ್ದವು. ನಿವೃತ್ತರಂತೆ ಕಾಣುವ ನಾಲ್ಕಾರು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು, ಆಸ್ಪತ್ರೆಯ ಹೊರಗೆ ಕಾಯುವವರಂತೆ ಅದನ್ನೇ ನೋಡುತ್ತಿದ್ದರು. ಒಬ್ಬರು ಎದ್ದು, ಮಾರಿಬಿಡಮ್ಮಾ ಎಂದರು. ಮೂಲೆಯ ಹುಡುಗಿ ಕೀಲಿಮಣೆಯ ಮೇಲೆ ಟಕ್ಕೆನಿಸಿದಳು. ಅವರು ಕೂತರು, ಮಾರಿದ ಮೇಲೆ ಅಂಕಿ ಏರಿತೇನೋ, ತಲೆ ಕೆರೆದುಕೊಂಡು ಕೊಂಡುಬಿಡಮ್ಮಾ ಎಂದರು. ಮತ್ತೆ ಟಕ್ಕೆಂದಿತು. ಸಲಹೆಗಾರ್ತಿ ಹೇಳಿದ್ದು ನೆನಪಾಗಿ ಮೇಸ್ತ್ರಿಗೆ ಆ ಟಕ್ಕುಗಳು ಒಂದೊಂದೂ ಕೇಳಿಸಿದವು. ಮಗ್ಗಿ ಅವನನ್ನು ಮೇಜಿಂದ ಮೇಜಿಗೆ ಕರೆದೊಯ್ದು, ನಮ್ಮ ಭಾವ, ಹಲ್ಲು ಮಾಡ್ತಾರೆ, ಅವರ ಸೆಟ್ಟು ಹಾಕ್ಕೊಂಡರೆ ಕಬ್ಬು ಸಿಗಿಯಬಹುದು ಎಂದು ಪರಿಚಯಿಸಿದ. ಹೆಮ್ಮೆ ನಿಜದ್ದೇ ಇತ್ತು. ಅದೇ ಚುಚ್ಚಿತು. ಕಾಫಿ ಬಂತು. ಕಾಫಿಯ ಹಿಂದೆಯೇ ಒಳಗಿನ ಗಾಜಿನ ಕೋಣೆಯಿಂದ ಮ್ಯಾನೇಜರ್ ಬಂದು ಪಕ್ಕದ ಕುರ್ಚಿಯಲ್ಲಿ ತಾನೇ ಕೂತ. ದೊಡ್ಡ, ಒತ್ತೊತ್ತಾದ, ಬಹಳ ಆರೋಗ್ಯವಾದ ಹಲ್ಲುಗಳು.

ಎಲ್ಲವೂ ಸಿದ್ಧವಿತ್ತು. ಹೆಂಡತಿ ಮೊದಲೇ ಮೇಸ್ತ್ರಿಯ ಗುರುತಿನ ದಾಖಲೆಗಳನ್ನು ಕಳಿಸಿಬಿಟ್ಟಿದ್ದಳು. ಅವನು ಸಹಿ ಹಾಕುವುದೊಂದೇ ಬಾಕಿ. ನೀವು ತಲೆ ಕೆಡಿಸಿಕೊಳ್ಳೋದೇ ಬೇಡ, ಯಾವುದು ಕೊಳ್ಳಬೇಕು ಯಾವಾಗ ಮಾರಬೇಕು ಎಲ್ಲ ನಮ್ಮ ಹುಡುಗನೇ ನೋಡಿಕೊಳ್ಳುತ್ತಾನೆ, ಈಗ ನಿಮ್ಮ ಫೋನಿಗೊಂದು ನಂಬರು ಬರುತ್ತೆ, ಅದನ್ನ ಹೇಳಿಬಿಟ್ಟರೆ ಪಾಸ್‌ವರ್ಡೂ ನಾವೇ ಮಾಡಿ ಇಟ್ಟುಕೊಳ್ಳುತ್ತೇವೆ ಎಂದು ಮ್ಯಾನೇಜರ್ ಪೆನ್ನು ತೆರೆದು ಕೊಟ್ಟ. ಮೇಸ್ತ್ರಿ ಮಗ್ಗಿಯ ಕಡೆ ನೋಡಿದ. ಮಗ್ಗಿ ಪರದೆಯ ಅಂಕಿಗಳನ್ನು ನೋಡುತ್ತಿದ್ದ. ಸಹಿ ಹಾಕಬೇಕಾದ ಜಾಗಗಳಲ್ಲೆಲ್ಲ ಪುಟ್ಟ ಹಳದಿ ಚೀಟಿ ಅಂಟಿಸಿದ್ದರು. ಮೊದಲ ಚೀಟಿಯ ಪಕ್ಕ ಪೆನ್ನಿನ ತುದಿ ಇಟ್ಟ. ಅಲ್ಲೊಂದು ಚುಕ್ಕೆ ಮೂಡಿ ಅಗಲವಾಗತೊಡಗಿತು. ಬಾಯಿಪಾಠ ಮಾಡಿದ್ದೊಂದೂ ನೆನಪಾಗಲಿಲ್ಲ. ಬಂದದ್ದು ಬೇರೆಯೇ ಯಾರದೋ ಧ್ವನಿಯಂತೆ ಬಂತು: ಒಂದು ಸಲ ಕೊಂಡರೆ, ಮಾರಿದರೆ, ನೀವೆಷ್ಟು ಹಿಡಿದುಕೊಳ್ಳುತ್ತೀರಿ? ಮ್ಯಾನೇಜರ್ ನಕ್ಕ. ಮನೆಯವರ ಹತ್ತಿರ ಚೌಕಾಸಿಯೇ ಎಂದ. ಕುರ್ಚಿಯವರಲ್ಲಿ ಒಬ್ಬರು ತಿರುಗಿ ನೋಡಿದರು. ಮೇಸ್ತ್ರಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು, ಆದರೆ ಮಾತು ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಗೊತ್ತಾಗದೆ ಮುಂದುವರಿಯಿತು.

"ನನಗೆ ಹೇಳದೆ ನನ್ನ ಹೆಸರಲ್ಲಿ ಕೊಳ್ಳೋದು ಮಾರೋದು ಮಾಡ್ತೀರಾ?"

ನಗು ನಿಂತಿತು. ಮ್ಯಾನೇಜರ್ ಮೇಸ್ತ್ರಿಗೆ ಉತ್ತರ ಕೊಡದೆ ಮಗ್ಗಿಯ ಕಡೆ ತಿರುಗಿದ. "ಏನಪ್ಪಾ ಇದು, ನಿಮ್ಮ ಭಾವನಿಗೇ ನಿನ್ನ ಮೇಲೆ ನಂಬಿಕೆ ಇಲ್ವಲ್ಲ."

ಮಗ್ಗಿಯ ಮುಖ ಹುಳ್ಳಗಾಯಿತು. ಆ ಮುಖವನ್ನು ಮೇಸ್ತ್ರಿ ಹಿಂದೆಂದೂ ಕಂಡಿರಲಿಲ್ಲ. ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಯಾವಾಗಲೂ ಇನ್ನೊಂದು ಮುಖ. ಮುಗಿಯಿತು, ಎಂದುಕೊಂಡ, ಇನ್ನು ಏನು ಮಾಡಿದರೂ ಇದು ಒರೆಸಿಹೋಗುವುದಿಲ್ಲ, ಸಹಿ ಹಾಕಿಬಿಡಬೇಕು, ಬೇಗ. ಹಾಗೆಯೇ ಹಾಕಿದ. ಒಂದು ಚೀಟಿ, ಇನ್ನೊಂದು ಚೀಟಿ, ಕೈ ತಾನೇ ತಾನಾಗಿ ಓಡಿತು. ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು. ತೆಗೆದು ನೋಡಿದ, ನಂಬರು ಬಂದಿತ್ತು. ಮ್ಯಾನೇಜರ್ ಮೂಲೆಯ ಹುಡುಗಿಗೆ ಸನ್ನೆ ಮಾಡಿ, ಹೇಳಿ ಸಾರ್ ಎಂದು ಮುಂದಕ್ಕೆ ಬಾಗಿದ. ಮೇಸ್ತ್ರಿ ಬಾಯಿ ತೆರೆದ.

"ಹೇಳಬೇಡಿ ಭಾವ," ಎಂದ ಮಗ್ಗಿ.

ಮೆಲ್ಲಗೆ ಹೇಳಿದ್ದು. ಮಗ್ಗಿಯ ಬಾಯಿಂದ ಅಷ್ಟು ಮೆಲ್ಲಗಿನ ಮಾತು ಬರಬಹುದೆಂದು ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಅವನಿಗೂ. ಆ ನಂಬರು ನಿಮ್ಮದು, ನನಗೂ ಹೇಳಬೇಡಿ ಎಂದ. ಆಮೇಲೆ ಮೇಜಿನ ಮೇಲೆ ಕಣ್ಣಿಟ್ಟು, ಶಾಲೆಯಲ್ಲಿ ಎದ್ದು ನಿಂತವನಂತೆ ಒಂದೇ ಸಮನೆ ಹೇಳಿದ: ಕೊಂಡಾಗ ಇಷ್ಟು, ಮಾರಿದಾಗ ಇಷ್ಟು, ಆ ದೊಡ್ಡ ಕಂಪನಿಗಳಿಗಿಂತ ಹಲವು ಪಟ್ಟು ಹೆಚ್ಚು, ಇಲ್ಲಿ ದಿನಾ ಕೊಂಡು ಮಾರಿ ತಿರುಗಿಸುತ್ತಾರೆ, ತಿರುಗಿಸಿದಷ್ಟು ಸಲ ಶುಲ್ಕ ಹೋಗುತ್ತದೆ, ಆ ಕುರ್ಚಿಯಲ್ಲಿ ಕೂತವರನ್ನೇ ಕೇಳಿ. ಕುರ್ಚಿಯವರು ಯಾರೂ ತಿರುಗಲಿಲ್ಲ. ಮ್ಯಾನೇಜರ್ ಎದ್ದ. ಕೂಗಲಿಲ್ಲ, ಮಗ್ಗಿಯ ಹೆಗಲ ಮೇಲೆ ಸ್ನೇಹಿತನಂತೆ ಕೈ ಹಾಕಿ ಗಾಜಿನ ಕೋಣೆಗೆ ಕರೆದುಕೊಂಡು ಹೋದ. ಗಾಜಿನಾಚೆ ಮಾತು ಕೇಳಿಸುತ್ತಿರಲಿಲ್ಲ. ದೊಡ್ಡ ಹಲ್ಲುಗಳು ತೆರೆದು ಮುಚ್ಚುತ್ತಿದ್ದವು, ಮಗ್ಗಿ ಕೈಗಳನ್ನು ಹಿಂದೆ ಕಟ್ಟಿ ನಿಂತಿದ್ದ, ಹಿಂದೆ ಕಟ್ಟಿದ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಎದ್ದು ಒಳಗೆ ಹೋಗಬೇಕು, ಏನಾದರೂ ಹೇಳಬೇಕು ಎಂದು ಮೇಸ್ತ್ರಿಗೆ ಅನಿಸುತ್ತಲೇ ಇತ್ತು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಸಹಿ ಮಾಡಿದ ಹಾಳೆಗಳನ್ನು ಎಳೆದುಕೊಂಡು ಮಡಚಿದ, ಮತ್ತೊಮ್ಮೆ ಮಡಚಿದ, ಅಂಗಿಯ ಜೇಬಿಗೆ ಹಿಡಿಸದಿದ್ದಾಗ ಸದ್ದಾಗದಂತೆ ಹರಿಯತೊಡಗಿದ. ಯಾರೂ ತಡೆಯಲಿಲ್ಲ. ಮೂಲೆಯ ಹುಡುಗಿ ನೋಡಿ, ನೋಡದವಳಂತೆ ಕಸದ ಬುಟ್ಟಿಯನ್ನು ಕಾಲಿನಿಂದ ಅವನ ಕಡೆ ತಳ್ಳಿದಳು.

ಮಗ್ಗಿ ಹೊರಬಂದಾಗ ಕೈಯಲ್ಲಿ ಅವನ ಊಟದ ಡಬ್ಬಿಯಿತ್ತು, ಛತ್ರಿಯಿತ್ತು. ಅಷ್ಟರಿಂದಲೇ ಮೇಸ್ತ್ರಿಗೆ ತಿಳಿಯಿತು. ಇಬ್ಬರೂ ಮೆಟ್ಟಿಲಿಳಿದರು. ಹಾಸಿಗೆ ಅಂಗಡಿಯವನು ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳನ್ನು ಫುಟ್‌ಪಾತಿನಲ್ಲಿ ಒರಗಿಸಿಟ್ಟಿದ್ದ. ಅವುಗಳನ್ನು ದಾಟುವವರೆಗೆ ಇಬ್ಬರೂ ಹಿಂದೆ ಮುಂದೆ ನಡೆಯಬೇಕಾಗಿ ಬಂದದ್ದು ಒಳ್ಳೆಯದೇ ಆಯಿತು. ನಾನು ಕೇಳಬಾರದಿತ್ತು ಎಂದ ಮೇಸ್ತ್ರಿ, ಮುಂದೆ ಹೋಗುತ್ತಿದ್ದ ಬೆನ್ನಿಗೆ. ಮಗ್ಗಿ ನಿಂತ.

"ಇಷ್ಟು ವರ್ಷದಲ್ಲಿ ನೀವು ಕೇಳಿದ್ದು ಇವತ್ತೇ ಭಾವ," ಎಂದ. "ಆ ಫಿಲ್ಟರ್ ತಂದಾಗ ಒಂದು ಮಾತು, ಇದು ಚೆನ್ನಾಗಿದೆಯೇನೋ ಅಂತ ಕೇಳಿದ್ರೆ, ನಾನೇ ಬೇಡ ಅಂತಿದ್ದೆ. ಬಾಗಿಲಲ್ಲಿ ನಿಂತು ಅದನ್ನೇ ಕಾಯ್ತಿದ್ದೆ. ನೀವು ನನಗೆ ಬಾಯಿ ತೆರೆಯೋಕೂ ಬಿಡ್ತಿರಲಿಲ್ಲ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಸ್ತ್ರಿಗೆ ಸುಲಭವಾಗುತ್ತಿತ್ತು. ಆಯ್ತು ಕೊಡು, ಆಯ್ತು ಕೊಡು ಎಂದು ಹೇಳಿದ್ದೆಲ್ಲ ಒಂದೊಂದಾಗಿ ಕೇಳಿಸತೊಡಗಿತು, ಪ್ರತಿಯೊಂದರ ಹಿಂದೆಯೂ ಬಾಗಿಲು ಮುಚ್ಚುವ ಸದ್ದು. ಒಳ್ಳೆಯತನ ಎಂದುಕೊಂಡಿದ್ದ. ಹುಡುಗನ ಮಾತು ಕೇಳುವ ತಾಪತ್ರಯ ತಪ್ಪಿಸಿಕೊಳ್ಳಲು ಕೊಟ್ಟದ್ದಾಗಿತ್ತೇ? ತಾನು ಮೊದಲು ಎತ್ತರದ ಕಟ್ಟಡಕ್ಕೆ ಹೋಗಿದ್ದನ್ನು ಹೇಳಿದ; ಪೇಂಟಿನವನೆಂದು ಹಿಂದಿನ ಲಿಫ್ಟಿಗೆ ಕಳಿಸಿದ್ದನ್ನೂ ಹೇಳಿದ. ಮಗ್ಗಿ ಅವನ ಕಾಲಿನ ಪ್ಲಾಸ್ಟರು ನೋಡಿ ನಕ್ಕ, ತಡೆಯಲಾಗದೆ, ಛತ್ರಿಗೆ ಒರಗಿ ನಕ್ಕ. ಆಮೇಲೆ, ಆ ಕಂಪನಿ ಪರವಾಗಿಲ್ಲ, ಖಾತೆ ಅಲ್ಲೇ ತೆರೆಯಿರಿ ಎಂದ. ಒಂದೇ ಸಲ ಎಲ್ಲ ಹಾಕಬೇಡಿ. ಮೊದಲು ಸ್ವಲ್ಪ ಹಾಕಿ ಅದು ಬೀಳೋದನ್ನ ನೋಡಿ, ಬಿದ್ದಾಗ ನಿಮಗೇನಾಗುತ್ತೆ ಅಂತ ನೋಡ್ಕೊಳ್ಳಿ. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಗಲಿಲ್ಲ. ಒಂದೇ ಕಂಬ ಹಿಡಿದು, ತಿರುವುಗಳಲ್ಲಿ ಒಬ್ಬರಿಗೊಬ್ಬರು ತಾಗುತ್ತ ಮನೆಗೆ ಬಂದರು. ಅಕ್ಕನಿಗೆ ನಾನೇ ಹೇಳ್ತೀನಿ ಎಂದು ಮಗ್ಗಿ ಇಳಿಯುವ ಮೊದಲು ಹೇಳಿದ.

ಹೇಳಿಯೂ ಹೇಳಿದ, ಚಪ್ಪಲಿ ಬಿಡುವ ಮೊದಲೇ. ಕೆಲಸ ಹೋಯಿತು, ಅದಕ್ಕೆ ಭಾವ ಕಾರಣ ಅಲ್ಲ. ಎರಡನೆಯ ಮಾತನ್ನು ಹೇಳದಿದ್ದರೆ ಅವಳಿಗೆ ಹೊಳೆಯುತ್ತಿರಲಿಲ್ಲವೇನೋ. ಅವಳು ತಮ್ಮನ ಕೈಯಿಂದ ಡಬ್ಬಿ ತೆಗೆದುಕೊಂಡಳು, ಗಂಡನ ಕಡೆ ತಿರುಗಿದಳು. "ಒಂದು ಸಹಿ," ಎಂದಳು. "ಒಂದು ಸಹಿಗೆ ನಿಮಗೇನು ಹೋಗ್ತಿತ್ತು?" ಏನು ಹೋಗುತ್ತಿತ್ತೆಂದು ವಿವರಿಸಬಹುದಿತ್ತು, ಶುಲ್ಕ, ನಂಬರು, ಕುರ್ಚಿಯ ಮುದುಕರು. ಎಲ್ಲ ಸರಿಯಾಗಿಯೇ ಇತ್ತು. ಸರಿಯಾಗಿರುವುದು ಸಾಲದು ಎಂದು ಅವಳ ಕಣ್ಣು ಹೇಳುತ್ತಿತ್ತು. ಅವಳು ಒಳಗೆ ಹೋದಳು. ಪಾತ್ರೆಗಳು ಒಂದರೊಳಗೊಂದು ಬೀಳುವ ಸದ್ದು ಕೇಳಿಬರತೊಡಗಿತು.

ಊಟದ ಮೇಜಿನ ಎದುರು ಕೂತ ಮಗ್ಗಿ ಎಂದಿನ ಜೋರಿಗೆ ಮರಳಲು ನೋಡುತ್ತಿದ್ದ. ಕೊಡಿ ಭಾವ ಫೋನು, ಆ ಕಂಪನಿಯ ನೋಂದಣಿ ಹುಡುಕೋದು ಹೇಗೆ ತೋರಿಸ್ತೀನಿ ಎಂದ, ತೋರಿಸಿದ, ಷೇರುಗಳು ನಿಜಕ್ಕೂ ಇರುವುದು ಬ್ರೋಕರನ ಹತ್ತಿರ ಅಲ್ಲ, ಬೇರೆ ಕಡೆ, ನಿಮ್ಮ ಹೆಸರಲ್ಲೇ, ಅದನ್ನು ಆಗಾಗ ತೆಗೆದು ನೋಡುತ್ತಿರಬೇಕು ಎಂದು ಬೆರಳಿಟ್ಟು ವಿವರಿಸಿದ. ಚೆನ್ನಾಗಿ ಹೇಳುತ್ತಿದ್ದ. ಇಷ್ಟು ಚೆನ್ನಾಗಿ ಹೇಳಬಲ್ಲ ಎಂದು ಮೇಸ್ತ್ರಿಗೆ ತಿಳಿದಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದಾಗಲೆಲ್ಲ ಅವನ ಬೆರಳು ಅರೆಕ್ಷಣ ನಿಂತು ಮತ್ತೆ ಸರಿಯುತ್ತಿತ್ತು. ಇನ್ನೇನಾದ್ರೂ ಕೇಳೋದಿದೆಯಾ ಭಾವ ಎಂದ ಕೊನೆಗೆ, ಗಿರಾಕಿಗಳಿಗೆ ಕೇಳುವ ಧಾಟಿಯಲ್ಲೇ.

ಇತ್ತು. ಎಷ್ಟೋ ಇದ್ದವು, ಬೆಲೆ ಬಿದ್ದರೆ ಏನು, ಕಂಪನಿ ಮುಳುಗಿದರೆ ಏನು, ತನ್ನ ಕೆಲಸವೇ ಹೋದ ತಿಂಗಳು ಏನು. ಅವೆಲ್ಲ ನಾಲಿಗೆಯ ತುದಿಯವರೆಗೆ ಬಂದು, ಎದುರಿನ ಮುಖ ನೋಡಿದಾಗ ಅಲ್ಲೇ ನಿಂತವು. ಮಾತಿನ ನಡುವೆ ಯಾವುದೋ ಗಳಿಗೆಯಲ್ಲಿ ಅದು ಮತ್ತೆ ಹುಳ್ಳಗಾಗಿತ್ತು. ಹಲ್ಲು ಕಾಣುತ್ತಿತ್ತು, ನಗು ಇರಲಿಲ್ಲ.

"ನೀನು ಈಗ ಏನು ಮಾಡ್ತೀಯೋ?" ಎಂದ ಮೇಸ್ತ್ರಿ. "ನಿನಗೆ ಏನು ಮಾಡಬೇಕು ಅಂತ ಇದೆ?"

ಮಗ್ಗಿ ಬಾಯಿ ತೆರೆದ. ಫಿಲ್ಟರಿಗೆ, ಧೂಳಿನ ಯಂತ್ರಕ್ಕೆ, ವಿಮೆಗೆ, ಎಲ್ಲಕ್ಕೂ ಅವನ ಹತ್ತಿರ ಮಾತು ಸಿದ್ಧವಿರುತ್ತಿತ್ತು, ಇದಕ್ಕೆ ಇರಲಿಲ್ಲ. ಮೇಸ್ತ್ರಿ ಅವನನ್ನು ಅವಸರಪಡಿಸಲಿಲ್ಲ. ಕುರ್ಚಿಯನ್ನು ತುಸು ಮುಂದಕ್ಕೆ ಎಳೆದುಕೊಂಡು ಕೂತ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಹೆಂಡತಿ ಬಾಗಿಲಿನ ಚೌಕಟ್ಟಿಗೆ ಬಂದು, ಒದ್ದೆ ಕೈಗಳನ್ನು ಒರೆಸಿಕೊಳ್ಳುವುದನ್ನೂ ಮರೆತು, ತಮ್ಮ ಏನು ಹೇಳುತ್ತಾನೋ ಎಂದು ನಿಂತಿದ್ದಳು.